ಮೊದಲು ಹಾದಿ, ಆಮೇಲೆ ಮನೆ

ಹುರುಳಿ ಬೇಯುವ ವಾಸನೆ ನಿಮಗೆ ಸೇರುತ್ತದೋ ಇಲ್ಲವೋ ಗೊತ್ತಿಲ್ಲ. ಸೇರುವುದಿಲ್ಲ ಎಂದರೆ ಅದರ ಪರವಾಗಿ ನಾನು ಹತ್ತು ನಿಮಿಷ ಮಾತನಾಡಬಲ್ಲೆ; ಸೇರುತ್ತದೆ ಎಂದರೆ ವಿರೋಧವಾಗಿಯೂ ಅಷ್ಟೇ ಹೊತ್ತು ಮಾತನಾಡಬಲ್ಲೆ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ಬಾಯಿ ಇದು, ತಪ್ಪು ತಿಳಿಯಬೇಡಿ. ನಮ್ಮ ಮನೆಯಲ್ಲಿ ದಿನವೂ ಬೆಳಕು ಹರಿಯುವ ಹೊತ್ತಿಗೆ ದೊಡ್ಡ ಬೋಗುಣಿಯಲ್ಲಿ ಹುರುಳಿ ಕುದಿಯುತ್ತದೆ. ಬೆಂದ ಕಾಳು ಹಿತ್ತಲಲ್ಲಿರುವ ಕುದುರೆಗೆ, ಬಸಿದ ಕಟ್ಟು ನನ್ನ ಮತ್ತು ಅತ್ತಿಯ ಸಾರಿಗೆ. ಒಂದೇ ಬೋಗುಣಿಯಿಂದ ಮೂರು ಮಂದಿ ಉಣ್ಣುತ್ತೇವೆ ಎಂದು ಅತ್ತಿ ಬಂದವರಿಗೆಲ್ಲ ಹೇಳುತ್ತಾಳೆ. ಮೂರು ಮಂದಿ ಎನ್ನುವ ಲೆಕ್ಕದ ಬಗ್ಗೆ ಮೊದಮೊದಲು ನನ್ನ ತಕರಾರಿತ್ತು. ಈಗ ಇಲ್ಲ.

ಇವತ್ತು ಆ ವಾಸನೆಯ ನಡುವೆಯೇ ಫೋನು ಬಂತು. ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳತಿ. ಅವಳಿಗೂ ಅವಳ ಗಂಡನಿಗೂ ಕುದುರೆ ಸಾಕುವ ಹುಚ್ಚು ಹತ್ತಿದೆಯಂತೆ. ಯಾವ ಊರಿಗೆ ಹೋಗಿ ಇದ್ದರೆ ಒಳ್ಳೆಯದು, ನಿನಗೆ ಗೊತ್ತಿರುತ್ತದೆ, ಹೇಳು ಎಂದಳು. ಪಶುವೈದ್ಯರು, ನೀರು, ಮೇವು ಎಂದು ಹಳೆಯ ಚಾಳಿಯಂತೆ ಅಂಶಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಬೋಗುಣಿ ಉಕ್ಕಿತು. ಒಲೆಯತ್ತ ಓಡುತ್ತಲೇ, "ಚಪ್ಪಲಿ ಬಿಟ್ಟು ನಡೆದು ನೋಡು, ಊರು ತಾನೇ ಹೇಳುತ್ತದೆ" ಎಂದುಬಿಟ್ಟೆ. ಅವಳು ನಕ್ಕಳು. ತಮಾಷೆ ಎಂದುಕೊಂಡಿರಬೇಕು. ತಮಾಷೆಯಲ್ಲ. ಆ ಮಾತಿನ ಹಿಂದೆ ಒಂದು ಬೇಸಿಗೆಯೇ ಇದೆ.

ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ಯಾದಗಿರಿಯಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳಿದವರಿಗೆ ಸೀಟಿ ಊದಿ ಮೈದಾನ ಸುತ್ತಿಸುತ್ತಿದ್ದಳು ಎಂದು ಅವಳ ಹಳೆಯ ವಿದ್ಯಾರ್ಥಿನಿಯರು ಹೇಳುತ್ತಾರೆ, ನಾನು ನೋಡಿಲ್ಲ. ನಾನು ಕೊಂಕಲ್‌ನವಳು. ಅಪ್ಪ ಅವ್ವ ಅಲ್ಲಿ ತೊಗರಿ ಬೆಳೆಯುತ್ತಾರೆ. ಕಾಲೇಜಿಗೆಂದು ಯಾದಗಿರಿಗೆ ಬಂದು ಅತ್ತಿಯ ಮನೆಯಲ್ಲಿ ಉಳಿದೆ. ನಾನು ಬಂದ ಮರುವರ್ಷ ಅತ್ತಿ ನಿವೃತ್ತಳಾದಳು, ನಿವೃತ್ತಳಾದ ವಾರವೇ ಕುದುರೆ ಕೊಂಡಳು.

ಕುದುರೆಯ ಹೆಸರು ಚಾಂದನಿ. ಬಿಳಿ ಹೆಣ್ಣು ಕುದುರೆ. ಮಹಬೂಬ್ ಚಾಚಾ ಅದನ್ನು ಮದುವೆ ಮೆರವಣಿಗೆಗೆ ಬಾಡಿಗೆ ಕೊಡುತ್ತಿದ್ದರು. ಮದುಮಗಂದಿರು ಹೂವು ಸುತ್ತಿದ ಜೀಪು ಏರತೊಡಗಿದ ಮೇಲೆ ಅವರಿಗೆ ಕೆಲಸ ಕಡಿಮೆಯಾಯಿತು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಚಾಚಾ ಅದನ್ನು ಮುಚ್ಚಿಡಲಿಲ್ಲ. ಕುದುರೆಯ ಎಡಗಣ್ಣಿನ ಕೆಳಗೆ, ನಾವು ಅತ್ತರೆ ನೀರು ಇಳಿಯುವ ಜಾಗದಲ್ಲಿ, ಕೂದಲು ಸುತ್ತಿಕೊಂಡು ಒಂದು ಸುಳಿ ಆಗಿತ್ತು. "ಕಣ್ಣೀರ ಸುಳಿ ಅಂತಾರ್ರಿ ಮೇಡಂ. ಗೊತ್ತಿದ್ದ ಮಂದಿ ಇದನ್ನ ಮನಿ ಮುಂದ ನಿಲ್ಲಸಂಗಿಲ್ಲ. ನಾ ಇಷ್ಟು ವರ್ಷ ಹೂವಿನ ಸರ ಇಳಿಬಿಟ್ಟು ಮುಚ್ಚೇನಿ" ಎಂದರು. ಅತ್ತಿ ಕುದುರೆಯ ಮುಖ ಹಿಡಿದು ಆ ಸುಳಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು. "ಛಲೋ ಅದ. ಕಾಡಿಗಿ ಹಚ್ಚೋದು ತಪ್ಪತು" ಎಂದಳು.

ಅರವತ್ತರ ಹೆಂಗಸು ಕುದುರೆ ಹತ್ತುವುದನ್ನು ಕಲಿಯುವುದೆಂದರೆ ನಮ್ಮ ಓಣಿಗೆ ಅದೊಂದು ಬಿಟ್ಟಿ ಆಟ. ಕಟ್ಟೆಯ ಮೇಲೆ ಚಹಾ ಹಿಡಿದು ಕೂತವರು ನಗುತ್ತಿದ್ದರು. ಅತ್ತಿ ಕೊರಳಲ್ಲಿದ್ದ ಸೀಟಿ ಊದಿ, "ನಗೋರು ಮುಂದ ಬರ್ರಿ, ಮದಲ ನಿಮಗ ಹತ್ತಸ್ತೀನಿ" ಅನ್ನುತ್ತಿದ್ದಳು. ಯಾರೂ ಬರುತ್ತಿರಲಿಲ್ಲ. ನಾನು ಹೋದೆ. ಮೊದಲ ದಿನವೇ ಆ ಕಡೆಯಿಂದ ಹತ್ತಿ ಈ ಕಡೆಗೆ ಬಿದ್ದೆ. ನೆಲದ ಮೇಲೆ ಕೂತುಕೊಂಡೇ ಕುದುರೆಯ ತಪ್ಪು ಏನೆಂದು ವಿವರಿಸಿದೆನಂತೆ. ಅತ್ತಿ ಈ ಕಥೆಯನ್ನು ಇನ್ನೂ ಬಿಟ್ಟಿಲ್ಲ.

ಎರಡು ವರ್ಷ ಸುಖವಾಗಿ ಕಳೆಯಿತು. ಆಮೇಲೆ ಮನೆಯ ಮಾಲೀಕರು ಹಿತ್ತಲಲ್ಲಿ ಅಂಗಡಿಗಳನ್ನು ಕಟ್ಟಿಸುತ್ತೇವೆ, ಮಳೆಗಾಲ ಶುರುವಾಗುವುದರೊಳಗೆ ಖಾಲಿ ಮಾಡಿ ಎಂದರು. ಯಾದಗಿರಿಯಲ್ಲಿ ಮನೆ ಸಿಗುತ್ತದೆ, ಹಿತ್ತಲು ಸಿಗುವುದಿಲ್ಲ. ಸಿಕ್ಕರೂ ಸವಾರಿಗೆ ಹಾದಿ ಎಲ್ಲಿ? ಸ್ಟೇಷನ್ ಕಡೆಗೆ ಹೊರಟರೆ ಲಾರಿ. ಭೀಮಾ ನದಿಯ ಕಡೆಗೆ ಹೊರಟರೆ ಎರಿಮಣ್ಣು; ಒಂದು ಮಳೆ ಬಿದ್ದರೆ ಗೊರಸಿಗೆ ಒಂದೊಂದು ಹೆಂಟೆ ಮೆತ್ತಿಕೊಂಡು ಕುದುರೆ ನಾಲ್ಕು ಬೂಟು ಹಾಕಿದಂತೆ ನಡೆಯುತ್ತದೆ. ಹಾಗಾಗಿ ಊರನ್ನೇ ಬಿಡಬೇಕಾಯಿತು. ಬಿಡದಿದ್ದರೆ ಕುದುರೆಯನ್ನು ಬಿಡಬೇಕು. ಚಾಚಾ ಇದನ್ನು ತೀರಾ ಮೆಲ್ಲಗೆ ಹೇಳಿದರು: "ಮೆರವಣಿಗಿಗೆ ಇದನ್ನ ಯಾರೂ ಒಯ್ಯಂಗಿಲ್ರಿ ಇನ್ನ. ಇಟ್ಟಂಗಿ ಗಾಡಿಯವ ಒಬ್ಬ ಕೇಳ್ಯಾನ. ಅವಗ ಸುಳಿ-ಗಿಳಿ ಇಲ್ಲ, ಬೆನ್ನು ಗಟ್ಟಿ ಇದ್ರ ಸಾಕು." ಆ ರಾತ್ರಿ ಅತ್ತಿ ಉಣ್ಣಲಿಲ್ಲ. ಅತ್ತಿ ಉಣ್ಣದೆ ಮಲಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ನಾನು ಶಹಾಪುರದ ಪರವಾಗಿ ವಾದ ಮಂಡಿಸಿದೆ. ಅದು ಒಳ್ಳೆಯ ಭಾಷಣವಾಗಿತ್ತು, ಸುಳ್ಳು ವಿನಯ ಬೇಡ. ಬೆಟ್ಟವಿದೆ, ಕೆರೆಯಿದೆ, ಪಶು ಆಸ್ಪತ್ರೆಯಿದೆ, ಕೈ ಮಾಡಿದರೆ ನಿಲ್ಲುವ ಬಸ್ಸಿದೆ, ಮಲಗಿದ ಮನುಷ್ಯನಂತೆ ಕಾಣುವ ಗುಡ್ಡದ ಸಾಲಿನ ಕೆಳಗೆ ಸವಾರಿ ಮಾಡುವ ಭಾಗ್ಯ ಎಷ್ಟು ಜನರಿಗುಂಟು ಎಂದೆಲ್ಲ ಹೇಳಿದೆ. ಅತ್ತಿ ತಲೆದೂಗಿದಳು. ಇಬ್ಬರೂ ಹೋದೆವು. ಮನೆ ತೋರಿಸುವವನು ಬೀಗದ ಕೈ ಹಿಡಿದು ಕಾಯುತ್ತಿದ್ದ. ಅತ್ತಿ ಅವನಿಗೆ, "ಮನಿ ಆಮ್ಯಾಲ ನೋಡ್ತೀನಿ ತಮ್ಮಾ, ಮದಲ ಹಾದಿ ತೋರಸು" ಎಂದಳು. ಬೆಟ್ಟದ ಕಡೆಗೆ ಹೋಗುವ ದಾರಿಗೆ ಬಂದ ಮೇಲೆ ಚಪ್ಪಲಿ ಕಳಚಿ ನನ್ನ ಕೈಗೆ ಕೊಟ್ಟು ಬರಿಗಾಲಲ್ಲಿ ನಡೆಯತೊಡಗಿದಳು.

ಇದರ ಹಿಂದಿನ ಕಾರಣ ನಿಮಗೆ ಹೇಳಬೇಕು. ಯಾದಗಿರಿಯಲ್ಲಿ ಕುದುರೆಗೆ ನಾಲು, ಅಂದರೆ ಲಾಳ, ಹೊಡೆಯುತ್ತಿದ್ದ ಮುದುಕ ತೀರಿಕೊಂಡ ಮೇಲೆ ಆ ಕೆಲಸ ಬಲ್ಲವರು ಹತ್ತಿರದಲ್ಲಿ ಉಳಿದಿರಲಿಲ್ಲ. ಚಾಂದನಿ ನಾಲಿಲ್ಲದೆ ಬರಿಗೊರಸಿನಲ್ಲೇ ನಡೆಯುತ್ತಿತ್ತು. ಅತ್ತಿಯ ಹಿಮ್ಮಡಿ ತಡೆದುಕೊಂಡ ಹಾದಿಯನ್ನು ಕುದುರೆಯ ಗೊರಸೂ ತಡೆದುಕೊಳ್ಳುತ್ತದೆ ಎಂಬುದು ಅವಳ ಶಾಸ್ತ್ರ. ಇದಕ್ಕೆ ಆಧಾರವೇನು, ಹಿಮ್ಮಡಿಗೂ ಗೊರಸಿಗೂ ಏನು ಸಂಬಂಧ ಎಂದು ನಾನು ಬಸ್ಸಿನಲ್ಲೇ ಕೇಳಿದ್ದೆ.

ನಾವು ನಡೆದ ಆ ದಾರಿಗೆ ಯಾರೋ ಹೊಸದಾಗಿ ಜಲ್ಲಿ ಸುರಿದಿದ್ದರು. ಟಿಪ್ಪರುಗಳು ಓಡಾಡಿ ಕಲ್ಲು ಹರಿತವಾಗಿ ಎದ್ದು ನಿಂತಿತ್ತು. ಅತ್ತಿ ಸ್ವಲ್ಪ ದೂರ ಹೋಗಿ ನಿಂತಳು. ತಿರುಗಿ ಬಂದು ಚಪ್ಪಲಿ ಮೆಟ್ಟಿಕೊಂಡಳು. ಮನೆಯ ಬೀಗ ತೆಗೆಯಲೇ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದಳು: "ನಿನ್ನ ಮಾತಿನ ಮ್ಯಾಲ ಕುದುರಿ ನಡಿಯಂಗಿದ್ರ ಶಹಾಪುರನೇ ಛಲೋ ಇತ್ತು."

ಸುರಪುರಕ್ಕೆ ಹೋದಾಗ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದೇ ಅಲ್ಲಿನ ಮೊದಲ ಪವಾಡ ಎಂದು ಅತ್ತಿ ಹೇಳುತ್ತಾಳೆ. ಊರಿನ ಅಂಚಿನಲ್ಲಿ, ಕಕ್ಕೇರಾ ಕಡೆಗೆ, ಕೆನಾಲಿನ ದಂಡೆಯ ಮೇಲೆ ಒಂದು ಕೆಂಪು ಗರಸಿನ, ಅಂದರೆ ಸಣ್ಣ ನುರುಜು ಬೆರೆತ ಮೆದು ಮಣ್ಣಿನ, ಹಾದಿ ಇತ್ತು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಭತ್ತದ ಗದ್ದೆ, ನಡುವೆ ಅಲ್ಲೊಂದು ಇಲ್ಲೊಂದು ಬೇವು. ಕೊಡೇಕಲ್ಲಿಗೆ ನಡೆದು ಹೋಗುವ ಭಕ್ತರು ಬಿಸಿಲು ಏರುವ ಮೊದಲು ಅದರ ಮೇಲೆಯೇ ಹೋಗುತ್ತಾರೆ, ಅವರೂ ಬರಿಗಾಲಿನವರೇ. ಅತ್ತಿ ಚಪ್ಪಲಿ ಕಳಚಿದಳು, ನಡೆದಳು. ನಡೆದವಳು ತಿರುಗಲಿಲ್ಲ. ಬೇವಿನ ಮರಗಳಾಚೆ ಅವಳ ಸೀರೆಯ ಬಣ್ಣವಷ್ಟೇ ಕಾಣುವಾಗ ಸೀಟಿಯ ಸದ್ದು ಕೇಳಿತು. ಉದ್ದನೆಯ ಒಂದು ಸೀಟಿ. ಶಾಲೆಯಲ್ಲಿ ಆಟ ಮುಗಿದಾಗ ಹಾಗೆ ಊದುತ್ತಿದ್ದಳಂತೆ.

ಕೆನಾಲಿಗೆ ಹತ್ತಿರದ ಮನೆ ಶರಣಪ್ಪ ಸಾವ್ಕಾರರದು. ಹತ್ತಿ ಬೀಜ, ಗೊಬ್ಬರದ ಅಂಗಡಿ ಅವರದು. ತಮ್ಮ ಮನೆಗೆ ಅಂಟಿಕೊಂಡಿದ್ದ ಹಳೆಯ ಮನೆಯನ್ನೂ ದೊಡ್ಡ ಹಿತ್ತಲನ್ನೂ ತೋರಿಸಿ, ಕುದುರೆ ಕಟ್ಟಲು ಅಡ್ಡಿಯಿಲ್ಲ ಎಂದರು. ಮಾತು ಮುಗಿದಾಗ ಬೆವರು ಒರೆಸಿಕೊಳ್ಳಲು ತಲೆಯ ಮೇಲಿನ ಬಿಳಿ ಟೊಪಗಿ ತೆಗೆದರು. ಬಗ್ಗಿದ ಅವರ ನೆತ್ತಿಯ ಮೇಲೆ ಎರಡು ಸುಳಿ, ಅಕ್ಕಪಕ್ಕದಲ್ಲಿ. ಆಗ ಅದಕ್ಕೊಂದು ಅರ್ಥ ಬರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಎದುರಿನವರ ಬಗ್ಗೆ ಸಿಕ್ಕಿದ್ದನ್ನೆಲ್ಲ ನೆನಪಿನಲ್ಲಿಟ್ಟುಕೊಳ್ಳುವ ಚಟ, ಅಷ್ಟೇ.

ಸಾಮಾನು ಸಾಗಿಸುವ ದಿನ ಬಂತು. ಯಾದಗಿರಿಯ ಮನೆಯ ಕೀಲಿ ಕೊಟ್ಟಾಯಿತು. ಒಂದು ಟೆಂಪೋದಲ್ಲಿ ನಮ್ಮ ಪಾತ್ರೆಪಗಡೆ, ಇನ್ನೊಂದರಲ್ಲಿ ಚಾಂದನಿ ಮತ್ತು ಅದರ ಕೊರಳು ತಬ್ಬಿಕೊಂಡು ಮಹಬೂಬ್ ಚಾಚಾ. ಸುರಪುರ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಸಾವ್ಕಾರರ ಮನೆಯ ಎದುರು ಬೇವಿನ ಕಟ್ಟೆಯ ಮೇಲೆ ಇಬ್ಬರು ಹಿರಿಯರು ಕೂತಿದ್ದರು. ಒಬ್ಬರು ಹಣಮಂತ ಮುತ್ಯಾ, ಎತ್ತುಗಳ ಲಕ್ಷಣ ನೋಡುವುದರಲ್ಲಿ ಊರಿಗೇ ಹೆಸರಾದವರು. ಇನ್ನೊಬ್ಬರು ಮಲ್ಲಣ್ಣ, ಆ ಹೆಸರನ್ನು ಒಪ್ಪದವರು. ಕುದುರೆ ಇಳಿಯಿತು. ಮುತ್ಯಾ ಎದ್ದು ಬಂದು ಹಲ್ಲು ನೋಡಿದರು, ಕಾಲು ನೋಡಿದರು, ಮುಖ ನೋಡಿದರು. ಮುಖ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿದರು.

"ಸಾವ್ಕಾರ, ಇದು ಕಣ್ಣೀರ ಸುಳಿ. ಯಾರ ಹಿತ್ತಲದಾಗ ನಿಂದರ್ತದೋ ಆ ಮನಿ ಯಜಮಾನನ ಕಣ್ಣಾಗ ನೀರ ತರಸ್ತದ."

ಸಾವ್ಕಾರರ ಮುಖ ಇಳಿದುಹೋಯಿತು. ಅವರೇನೂ ಕೆಟ್ಟವರಲ್ಲ, ಹೆದರಿದರು. ಅತ್ತಿಯ ಕಡೆ ನೋಡದೆ, "ಮೇಡಂ, ನೀವಿಬ್ರೂ ಇರ್ರಿ. ನಿಮ್ಮ ಮನಿ ಇದ್ದಂಗ. ಕುದುರಿ ಮಾತ್ರ ಬ್ಯಾಡ್ರಿ" ಎಂದರು.

"ಕುದುರಿ ಬ್ಯಾಡಂದ್ರ ನಾವೂ ಬ್ಯಾಡ್ರಿ" ಎಂದಳು ಅತ್ತಿ. ದನಿ ಗಟ್ಟಿಯಾಗಿಯೇ ಇತ್ತು. ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಟೆಂಪೋದವನು ವಾಪಸು ಹೋಗುವ ಅವಸರದಲ್ಲಿದ್ದ. ಚಾಚಾ ತಲೆ ಬಗ್ಗಿಸಿ, "ನಾ ಕರಕೊಂಡು ಹೋಗ್ಲೇನ್ರಿ ಮೇಡಂ" ಎಂದರು. ಎಲ್ಲಿಗೆ ಎಂದು ನಮ್ಮ ಮೂವರಿಗೂ ಗೊತ್ತಿತ್ತು: ಇಟ್ಟಿಗೆ ಹೊರುವ ಗಾಡಿಗೆ.

ನಾನು ಮುಂದೆ ಬಂದೆ. ಬಂದವಳು ಮೊದಲು ದಡ್ಡತನವನ್ನೇ ಮಾಡಿದೆ. ಇದು ಇಪ್ಪತ್ತೊಂದನೆಯ ಶತಮಾನ, ಕೂದಲು ಯಾವ ದಿಕ್ಕಿಗೆ ಬೆಳೆಯುತ್ತದೆ ಎನ್ನುವುದಕ್ಕೂ ಮನುಷ್ಯನ ದುಃಖಕ್ಕೂ ಕಾರ್ಯಕಾರಣ ಸಂಬಂಧವಿಲ್ಲ ಎಂದು ಶುರುಮಾಡಿದೆ. ಮುತ್ಯಾ ಶಾಂತವಾಗಿ ಕೇಳಿಸಿಕೊಂಡರು. "ಮುಗೀತೇನ ತಂಗಿ? ಚಪ್ಪಾಳಿ ಹೊಡೀಬೇಕೇನ?" ಎಂದರು. ಸುತ್ತ ಸೇರಿದ್ದವರೆಲ್ಲ ನಕ್ಕರು. ಟೆಂಪೋದವನೂ ನಕ್ಕ. ಅಂಥ ಸೋಲು ನನಗೆ ಯಾವ ವೇದಿಕೆಯ ಮೇಲೂ ಆಗಿರಲಿಲ್ಲ.

ಆ ನಗುವಿನಲ್ಲೇ ನಮ್ಮ ಚರ್ಚೆಯ ಮೇಷ್ಟ್ರು ಹೇಳುತ್ತಿದ್ದದ್ದು ನೆನಪಾಯಿತು. ಎದುರಾಳಿಯ ಮಾತನ್ನು ಮುರಿಯಲು ಆಗದಿದ್ದರೆ ಒಪ್ಪಿಕೋ, ಒಪ್ಪಿಕೊಂಡು ಅದರ ಕೈ ಹಿಡಿದು ಕೊನೆಯವರೆಗೂ ನಡೆಸಿಕೊಂಡು ಹೋಗು, ಎಲ್ಲಿ ಮುಗ್ಗರಿಸುತ್ತದೋ ನೋಡು. ನಾನು ತಲೆಯ ಮೇಲೆ ಸೆರಗಿನಂತೆ ದುಪಟ್ಟಾ ಹೊದ್ದುಕೊಂಡು, ಕಟ್ಟೆಯ ತುದಿಗೆ ಕೂತೆ.

"ಮುತ್ಯಾ, ನನಗ ತಿಳೀಲಿಲ್ರಿ. ಕಲಸ್ರಿ. ಎತ್ತಿನಾಗ ಯಾವ ಸುಳಿ ಕೆಟ್ಟದ್ದು?"

ಮುತ್ಯಾ ಇಂಥ ಶಿಷ್ಯರನ್ನು ಕಂಡು ಬಹಳ ಕಾಲವಾಗಿತ್ತೆಂದು ಕಾಣುತ್ತದೆ. ಹುರುಪಿನಿಂದ, "ಬೆನ್ನಿನ ಮ್ಯಾಲ, ನಡು ಬೆನ್ನಿನ ಮ್ಯಾಲ ಇರಬಾರದು ನೋಡು" ಎಂದರು.

ಮಲ್ಲಣ್ಣ ಅಲ್ಲಿಂದಲೇ ಕೆಮ್ಮಿದರು. "ಬೆನ್ನಿನ ಸುಳಿ ಲಕ್ಷ್ಮಿ ಇದ್ದಂಗ. ನಮ್ಮಪ್ಪ ಅದನ್ನೇ ಹುಡಿಕ್ಯಾಡಿ ತರ್ತಿದ್ದ. ಕೆಟ್ಟದ್ದು ಹೆಗಲಿಂದು."

"ಹೆಗಲಿಂದು ಕೆಟ್ಟದ್ದು ಅಂತ ಯಾವ ಮಬ್ಬ ಹೇಳ್ಯಾನ?"

"ಹಂಗಂದ್ರ ನಿಮ್ಮ ಕರಿ ಎತ್ತಿನ ಹೆಗಲ ಮ್ಯಾಲ ಇರೋದು ಏನದು, ಹೂವೇನು?"

ಆಮೇಲೆ ನಾನು ಮಾಡಬೇಕಾದದ್ದು ಬಹಳ ಇರಲಿಲ್ಲ. ನಡುನಡುವೆ, "ಹೌದೇನ್ರಿ? ಮತ್ತ ಸಾವ್ಕಾರ್ರ ಎತ್ತು?" ಎಂದು ಒಂದೊಂದು ಪ್ರಶ್ನೆ ಹಾಕಿದರೆ ಸಾಕಾಯಿತು. ಇಬ್ಬರೂ ಎದ್ದು ಸಾವ್ಕಾರರ ಕೊಟ್ಟಿಗೆಗೆ ಹೊರಟರು, ಹಿಂದೆ ಜನ. ಅಲ್ಲಿದ್ದ ಜೋಡಿಯಲ್ಲಿ ಒಂದರ ಬೆನ್ನಿನ ಮೇಲೆ ಮುತ್ಯಾರ ಕೆಟ್ಟ ಸುಳಿ ಸಿಕ್ಕಿತು, ಇನ್ನೊಂದರ ಹೆಗಲ ಮೇಲೆ ಮಲ್ಲಣ್ಣನ ಕೆಟ್ಟ ಸುಳಿ ಸಿಕ್ಕಿತು. ಮಲ್ಲಣ್ಣ ಮುತ್ಯಾರ ಕರಿ ಎತ್ತನ್ನು ಹೊಡೆದುಕೊಂಡು ಬಂದರು. ಮುತ್ಯಾ ಮಲ್ಲಣ್ಣನ ಮನೆಯ ಹೋರಿಯನ್ನು ಎಳೆದುಕೊಂಡು ಬಂದರು. ಸ್ವಲ್ಪ ಹೊತ್ತಿನಲ್ಲಿ ಆ ಓಣಿಯಲ್ಲಿ ಇಬ್ಬರ ಶಾಸ್ತ್ರದಲ್ಲೂ ಪಾಸಾಗುವ ಒಂದೇ ಒಂದು ಪ್ರಾಣಿ ಉಳಿಯಲಿಲ್ಲ. ಚಾಂದನಿ ಮಾತ್ರ ಬೇವಿನ ನೆರಳಿನಲ್ಲಿ ಕಿವಿ ಆಡಿಸುತ್ತ, ಈ ಜಾತ್ರೆ ಯಾರದು ಎನ್ನುವಂತೆ ನೋಡುತ್ತಿತ್ತು.

ಸಾವ್ಕಾರರು ವ್ಯಾಪಾರಸ್ಥರು. ಸುಲಭಕ್ಕೆ ಬಿಡುವವರಲ್ಲ. "ಎತ್ತಿನ ಮಾತು ಬ್ಯಾರೆ, ಕುದುರಿ ಮಾತು ಬ್ಯಾರೆ" ಎಂದರು.

"ಆತ್ರಿ. ಮನಷ್ಯಾರ ಮಾತು?" ಎಂದೆ. ಮುತ್ಯಾರ ಕಡೆ ತಿರುಗಿ, "ನೆತ್ತಿ ಮ್ಯಾಲ ಎರಡು ಸುಳಿ ಇದ್ರ ಏನಂತಾರ್ರಿ ಮುತ್ಯಾ?"

"ಎರಡು ಲಗ್ನ. ಅದೇನ ಕೇಳ್ತಿ, ಸಣ್ಣ ಹುಡುಗ್ರಿಗೂ ಗೊತ್ತದ."

"ಕುದುರಿ ಸುಳಿಯಷ್ಟೇ ಖರೇನ ಇದು?"

"ಅಷ್ಟೇ ಖರೇ."

"ಹಂಗಾದ್ರ ಸಾವ್ಕಾರ್ರ, ಒಂದೀಟು ಟೊಪಗಿ ತಗೀರಿ."

ಸಾವ್ಕಾರರ ಕೈ ತಾನಾಗಿಯೇ ತಲೆಗೆ ಹೋಗಿ ಟೊಪಗಿಯನ್ನು ಇನ್ನೂ ಒತ್ತಿ ಹಿಡಿಯಿತು. ನಾನು ಅತಿರೇಕ ಮಾಡಿದೆನೋ ಏನೋ ಎನ್ನಿಸಿತು. ಆಗ ಹೊಸ್ತಿಲ ಮೇಲೆ ನಿಂತಿದ್ದ ಸಾವ್ಕಾರರ ಹೆಂಡತಿ ನೀಲಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಭುಜ ಕುಲುಕುತ್ತಿದ್ದವು. ಅಳುತ್ತಿದ್ದಾರೆ ಎಂದುಕೊಂಡೆ.

"ತಗೀರಿ, ತಗೀರಿ. ಎರಡು ಅದಾವ ಯವ್ವಾ, ನಾ ದಿನಾ ಎಣ್ಣಿ ಹಚ್ಚಾಕಿ, ನನಗ ಗೊತ್ತಿಲ್ಲೇನು?" ಎಂದರು. "ಲಗ್ನ ಆದ ಹೊಸದಾಗ ನಮ್ಮವ್ವ ಅದನ್ನ ನೋಡಿ ಅತ್ತಿದ್ಲು. ಎರಡನೇದಕಿ ಇವತ್ತು ಬರ್ತಾಳ, ನಾಳಿ ಬರ್ತಾಳ ಅಂತ ನಾನೂ ದಾರಿ ನೋಡೇನಿ. ಮನಿ ಕೆಲಸಕ್ಕರ ಒಂದು ಕೈ ಆಗ್ತದ ಅಂತ. ಮುದುಕಿ ಆದೆ, ಆಕಿ ಬರಲಿಲ್ಲ."

ಮೊದಲು ನಕ್ಕವರು ಮುತ್ಯಾ. ಅವರು ನಕ್ಕ ಮೇಲೆ ಉಳಿದವರಿಗೆ ಪರವಾನಗಿ ಸಿಕ್ಕಂತಾಯಿತು. ಮಲ್ಲಣ್ಣ ಕಟ್ಟೆಯ ಮೇಲೆ ಕೂತು ತೊಡೆ ತಟ್ಟಿಕೊಂಡು ನಕ್ಕರು. ಸಾವ್ಕಾರರು ಟೊಪಗಿ ತೆಗೆದು, ನೆತ್ತಿ ತುರಿಸಿಕೊಂಡು, ಕೊನೆಗೆ ತಾವೂ ನಕ್ಕರು. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು. "ನೋಡ್ರಿ, ಕಣ್ಣಾಗ ನೀರ ತರಸ್ತದ ಅಂದಿದ್ದೆ" ಎಂದರು ಮುತ್ಯಾ, ಸೋಲದವರಂತೆ.

ನೀಲಮ್ಮ ಕೊಡದಲ್ಲಿ ನೀರು ತಂದು ಚಾಂದನಿಯ ಮುಂದೆ ಇಟ್ಟರು. "ಬಿಸಲಾಗ ಬಂದದ, ಅದಕ ಯಾಕ ನಿಮ್ಮ ಶಾಸ್ತ್ರ. ಒಳಗ ಕರಕೊಂಡು ಬರ್ರಿ ಅಕ್ಕಾರ" ಎಂದು ಅತ್ತಿಗೆ ಹೇಳಿದರು. ಅತ್ತಿ ಕುದುರೆಯನ್ನು ಹಿತ್ತಲಿಗೆ ನಡೆಸಿಕೊಂಡು ಹೋದಳು. ಹಿಂದೆ ಚಾಚಾ ಹೋದರು. ಗೋಡೆಯ ಮರೆಗೆ ಹೋದ ಮೇಲೆ ಅತ್ತಿಯ ಸೀಟಿ ಕೇಳಿಸಿತು. ಉದ್ದನೆಯದು.

ಗೆದ್ದದ್ದು ನನ್ನ ತರ್ಕವೋ ನೀಲಮ್ಮನ ನಗುವೋ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಕಟ್ಟುನಿಟ್ಟಾಗಿ ನೋಡಿದರೆ ನಾನು ಏನನ್ನೂ ಸಾಧಿಸಿ ತೋರಿಸಲಿಲ್ಲ. ತೀರ್ಪುಗಾರರು ಇದ್ದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದರು. ಕಳೆಯಲಿ. ಮರುದಿನ ಬೆಳಿಗ್ಗೆ ಅತ್ತಿ ಕೆನಾಲಿನ ದಂಡೆಯ ಮೇಲೆ ಚಾಂದನಿಯನ್ನು ಬಿಟ್ಟಳು. ಮೆರವಣಿಗೆಯಲ್ಲಿ ಹೆಜ್ಜೆ ಹೆಜ್ಜೆಗೂ ಲಗಾಮು ಎಳೆಸಿಕೊಂಡ ಕುದುರೆ, ಯಾದಗಿರಿಯಲ್ಲಿ ಲಾರಿಗೆ ಬೆಚ್ಚಿದ ಕುದುರೆ, ಕತ್ತು ಮುಂದೆ ಚಾಚಿ ಓಡಿತು. ನಾಲಿಲ್ಲದ ಗೊರಸು ಗರಸಿನ ಮೇಲೆ ಬೀಳುವ ಸದ್ದು ಮೆತ್ತಗೆ, ಯಾರೋ ದೂರದಲ್ಲಿ ಜೋಳ ಬಡಿಯುವ ಹಾಗೆ ಕೇಳುತ್ತಿತ್ತು. ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದ ಹೆಂಗಸರು ನಡು ನೆಟ್ಟಗೆ ಮಾಡಿ ನೋಡಿದರು. ಅತ್ತಿಯ ಬಿಳಿ ಕೂದಲು ಬಿಚ್ಚಿಹೋಗಿತ್ತು. ನನಗೆ ಚರ್ಚೆಯಲ್ಲಿ ಕಪ್‌ಗಳು ಬಂದಿವೆ, ಹಾರಗಳು ಬಂದಿವೆ. ಆದರೆ ಅಂಥ ಬಹುಮಾನ ಇನ್ನೊಂದು ಬಂದಿಲ್ಲ.

ಇವತ್ತು, ಫೋನಿಟ್ಟು ಹುರುಳಿ ಬಸಿಯುವಷ್ಟರಲ್ಲಿ ಬಾಗಿಲಲ್ಲಿ ಸಾವ್ಕಾರರ ದನಿ. ಮೊಮ್ಮಗನ ಮದುವೆ ನಿಶ್ಚಯವಾಗಿದೆ. ಹುಡುಗ ಜೀಪು ಬೇಡ, ಚಾಂದನಿಯೇ ಬೇಕು ಎಂದು ಹಟ ಹಿಡಿದಿದ್ದಾನಂತೆ. ಅತ್ತಿ ನನ್ನನ್ನು ನೋಡಿ, ಅವರನ್ನು ನೋಡಿ, "ಸುಳಿ ಅದ ಅಲ್ರಿ ಸಾವ್ಕಾರ್ರ" ಎಂದಳು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ.

"ಏನ್ರಿ ಮೇಡಂ, ಹಳೇ ಮಾತು ತಗೀತೀರಿ. ಆ ಸುಳಿ ಇರೋದೇ ಕಣ್ಣೀರ ತಡಿಯಾಕ್ರಿ. ಅಲ್ಲೇ ಸುತ್ತಕೊಂಡು ನಿಂತ ಬಿಡ್ತದ, ಕೆಳಗ ಬೀಳಾಕ ಬಿಡಂಗಿಲ್ಲ. ಮುತ್ಯಾನೇ ಹೇಳ್ಯಾನ."

ಕೇಳಿದಿರಾ? ಅದೇ ಸುಳಿ, ಅದೇ ಮುತ್ಯಾ. ಕೆಟ್ಟದ್ದು ಎನ್ನುವುದಕ್ಕೆ ಎಷ್ಟು ಆಧಾರವಿತ್ತೋ ಒಳ್ಳೆಯದು ಎನ್ನುವುದಕ್ಕೂ ಅಷ್ಟೇ ಆಧಾರ. ಖಂಡಿಸಲು ನನ್ನ ಬಾಯಿ ತೆರೆಯಿತು. ಮೂರು ವಾಕ್ಯ ನಾಲಿಗೆಯ ತುದಿಗೆ ಬಂದಿದ್ದವು. ಹಿತ್ತಲಿನಲ್ಲಿ ಚಾಂದನಿ ಹುರುಳಿಯ ವಾಸನೆಗೆ ಕೆನೆದು ಬಾನಿ ಒದೆಯಿತು. ನಾನು ಬೋಗುಣಿ ಎತ್ತಿಕೊಂಡು ಹೋಗಿ ಅದರ ಮುಂದೆ ಸುರಿದೆ. ಬಾಯಿ ಹಾಗೆಯೇ ಮುಚ್ಚಿಕೊಂಡಿತು.

ತಿರುಗಿ ಬಂದಾಗ ಅತ್ತಿ ತನ್ನ ಷರತ್ತು ಹೇಳುತ್ತಿದ್ದಳು. "ಕುದುರಿ ಬರ್ತದ. ಆದ್ರ ಡಾಂಬರ ರೋಡಿನ ಮ್ಯಾಲ ಬರಂಗಿಲ್ಲ. ಮೆರವಣಿಗಿ ಕೆನಾಲ ದಂಡಿ ಹಿಡದು ಬರಬೇಕು."

"ಅಲ್ರಿ, ಬೀಗರು, ಬ್ಯಾಂಡಿನವರು, ಹೆಣ್ಮಕ್ಕಳು, ಎಲ್ಲಾರೂ ಅಷ್ಟು ಸುತ್ತು ಹಾಕಿ ಆ ಹಾದಿಗೆ ಬರಬೇಕೇನ್ರಿ?"

"ಹಾದಿಗೆ ಏನಾಗ್ಯದ? ನಡದು ನೋಡ್ರಿ."

ಮೂವರೂ ಹೊರಗೆ ಬಂದೆವು. ಬಿಸಿಲು ಆಗಷ್ಟೇ ಗದ್ದೆಗೆ ಇಳಿಯುತ್ತಿತ್ತು. ಸಾವ್ಕಾರರು ದಂಡೆಯ ಮೇಲೆ ನಿಂತು ಆಚೆ ಈಚೆ ನೋಡಿ, ಒಂದು ಕಾಲು ಆಮೇಲೆ ಇನ್ನೊಂದು ಕಾಲು ಎಂದು ಚಪ್ಪಲಿ ಕಳಚಿದರು. ಟೊಪಗಿಯನ್ನೂ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಎರಡು ಸುಳಿಯ ನೆತ್ತಿ ಬಿಸಿಲಿಗೆ ಹೊಳೆಯುತ್ತಿತ್ತು. ಮೆಲ್ಲಗೆ ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು, ಆಮೇಲೆ ನೋಡಿಕೊಳ್ಳುವುದನ್ನು ಬಿಟ್ಟು ನಡೆದೇ ಹೋದರು. ನಾನೂ ಚಪ್ಪಲಿ ಬಿಟ್ಟೆ. ಬೇವಿನ ಮರದ ಹತ್ತಿರ ಅವರ ಜೊತೆಗೂಡಿದಾಗ, "ಹೆಂಗದರೀ ಹಾದಿ?" ಎಂದೆ.

"ಏ, ಮೆತ್ತಗ ಅದ" ಎಂದರು ಸಾವ್ಕಾರರು, ನಿಲ್ಲದೆ. ಹಿಂದಿನಿಂದ ಅತ್ತಿಯ ಸೀಟಿ ಕೇಳಿಸಿತು.